ಎರಡೇ ದಿನದ ಪೆಡಲ್

ಡ್ರಾಯಿಂಗ್ ಮೇಷ್ಟ್ರ ಸೈಕಲ್ಲಿನ ಎಡಗಡೆ ಪೆಡಲ್ ಮುರಿದಾಗ, ಅದೊಂದು ದೊಡ್ಡ ವಿಷಯವೆಂದು ಯಾರಿಗೂ ಅನಿಸಲಿಲ್ಲ. ಆದರೆ ಆ ಸೈಕಲ್ಲಿಗೆ ಅದೇ ಕಂಪನಿಯ ಪೆಡಲ್ ಆಗಬೇಕು, ಬೇರೆ ಯಾವುದೂ ಕೂರದು. ಮೇಷ್ಟ್ರು ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಸಕ್ಕರೆಯಂಥ ದನಿಯಲ್ಲಿ, "ಎರಡೇ ದಿನ ಸಾರ್, ಬಂದ್ಬಿಡುತ್ತೆ" ಎಂದಳು. ತಿಂಗಳುಗಳು ಉರುಳಿದರೂ ಅದೇ ದನಿ, ಅದೇ ಎರಡು ದಿನ.

ಅಷ್ಟರಲ್ಲಿ ಮೇಷ್ಟ್ರು ಶಾಲೆಗೆ ನಡೆದು ನಡೆದು ಚಪ್ಪಲಿಯ ಜೊತೆ ಮರ್ಯಾದೆಯನ್ನೂ ಸವೆಸಿಕೊಂಡಿದ್ದರು. "ಇನ್ನೊಂದು ಸಲ ಲೇಟಾದ್ರೆ ಬರೋದೇ ಬೇಡ. ಮನೇಲಿ ಕೂತು ಗೋಡೆಗೆ ಬಣ್ಣ ಹೊಡ್ಕೊಳ್ಳಿ" ಎಂದು ಹೆಡ್ ಮೇಷ್ಟ್ರು ಎಲ್ಲರೆದುರಿಗೇ ಗದರಿದ್ದರು.

ಒಂದು ಭಾನುವಾರ ಬೆಳಿಗ್ಗೆ ಕಂಪನಿಯ ಹುಡುಗಿಯೇ ಫೋನ್ ಮಾಡಿದಳು. "ಸಾರ್, ಮಧ್ಯಾಹ್ನ ನಮ್ಮ ಮೆಕ್ಯಾನಿಕ್ ಬರ್ತಾರೆ. ಸೈಕಲ್ ಪೂರ್ತಿಯಾಗಿ ಇರ್ಬೇಕು. ಒಂದು ಭಾಗ ಕಮ್ಮಿಯಾದ್ರೂ ವಾರಂಟಿ ಇಲ್ಲ."

ಮೇಷ್ಟ್ರು ಫೋನಿಟ್ಟು ಸೈಕಲ್ಲಿನ ಕಡೆ ನೋಡಿದರು. ಅವರು ಇಲ್ಲ ಎನ್ನಲು ಬಾರದ ಮನುಷ್ಯ. ಗೋಡೆಗೆ ಒರಗಿ ನಿಂತಿದ್ದ ಸೈಕಲ್ಲಿನಿಂದ ಕೇಳಿದವರಿಗೆಲ್ಲ ಒಂದೊಂದು ಭಾಗ ಬಿಚ್ಚಿಕೊಟ್ಟು, ಈಗ ಉಳಿದಿದ್ದದ್ದು ಬರೀ ಅಸ್ಥಿಪಂಜರ.

ಕೆಳಗಿನ ಅಂಗಡಿಯ ಟೈಲರ್ ಸೈಕಲ್ಲಿನ ಸೀಟನ್ನು ಕಬ್ಬಿಣದ ಪೈಪಿಗೆ ಸಿಕ್ಕಿಸಿಕೊಂಡು ರಾಜನಂತೆ ಕೂತಿದ್ದ.

"ಅರ್ಜೆಂಟ್ ಪ್ಯಾಂಟಿದೆ ಮೇಷ್ಟ್ರೇ. ನಿಂತ್ಕೊಂಡು ಹೊಲೀಲಾ?"

"ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಪ್ಪಾ" ಎಂದು ಮೇಷ್ಟ್ರು ಸೀಟು ಎಳೆದೇಬಿಟ್ಟರು. ಟೈಲರ್ ನೆಲಕ್ಕೆ ಬಿದ್ದ, ಕೈಯಲ್ಲಿದ್ದ ಕತ್ತರಿ ಪ್ಯಾಂಟಿನ ಮೊಣಕಾಲಿನ ಮೇಲೆ ಹಾದುಹೋಯಿತು. "ಇನ್ನು ಇದನ್ನ ಚಡ್ಡಿ ಅಂತ ಕೊಡ್ಲಾ?" ಎಂದು ಅವನು ಕೂಗುವಾಗ ಮೇಷ್ಟ್ರು ಪಕ್ಕದ ಮನೆಯಲ್ಲಿದ್ದರು.

ಅಲ್ಲಿನ ಅಜ್ಜಿ ಸೈಕಲ್ ಬೆಲ್ಲನ್ನು ಮಂಚಕ್ಕೆ ಕಟ್ಟಿಕೊಂಡಿದ್ದಳು. "ಬೆಲ್ ಇಲ್ದೆ ಸೊಸೇನ ಹೇಗೋ ಕರೀಲಿ? ಕೂಗಿದ್ರೆ ಅವಳಿಗೆ ಕೇಳಲ್ಲ!"

ಸೊಸೆಗೆ ಇದು ಮಾತ್ರ ಕೇಳಿಸಿತು. ಸ್ಪ್ಯಾನರ್ ಹಿಡಿದೇ ಓಡಿಬಂದಳು. "ತಗೊಂಡ್ಹೋಗಿ ಅಣ್ಣಾ. ವಾಪಸ್ ಕೊಡೋಕೆ ಅವಸರ ಮಾಡ್ಬೇಡಿ."

ಕ್ಯಾರಿಯರ್ ಮೇಷ್ಟ್ರ ಅಡುಗೆಮನೆಯಲ್ಲೇ ತಟ್ಟೆ ಜೋಡಿಸುವ ಸ್ಟ್ಯಾಂಡಾಗಿತ್ತು. "ತಟ್ಟೆಗಳನ್ನ ನಿಮ್ಮ ತಲೆ ಮೇಲೆ ಜೋಡಿಸ್ಲಾ?" ಎಂದು ಹೆಂಡತಿ ಕೇಳುವಷ್ಟರಲ್ಲಿ ಮೇಷ್ಟ್ರು ಅದನ್ನೆತ್ತಿಕೊಂಡು ಹೊರಬಿದ್ದಿದ್ದರು.

ಉಳಿದಿದ್ದು ಮುಂದಿನ ಚಕ್ರ. ಅದನ್ನು ಒಯ್ದಿದ್ದ ಭಾವಮೈದುನ ಫೋನಿನಲ್ಲೇ ನಕ್ಕ. "ಅದನ್ನ ಗುಜರಿಗೆ ಹಾಕ್ಬಿಟ್ಟೆ ಭಾವಾ! ಈ ಜನ್ಮದಲ್ಲಿ ಪೆಡಲ್ ಬರಲ್ಲ ಅಂತ ನೀವೇ ಅಂದಿದ್ರಲ್ಲ?"

ಕೊನೆಗೆ ಮೇಷ್ಟ್ರು ಮಹಡಿ ಹತ್ತಿ ಮನೆ ಓನರ ಮುಂದೆ ಹಲ್ಲುಗಿಂಜಿದರು. "ಸಾರ್, ನಿಮ್ಮ ಸೈಕಲ್ಲಿನ ಮುಂದಿನ ಚಕ್ರ ಅರ್ಧ ಗಂಟೆ ಕೊಟ್ರೆ ನನ್ನ ಕೆಲಸ ಉಳಿಯುತ್ತೆ. ನಾಳೆ ಬೇರೆ ಚಕ್ರ ಕೊಂಡು ಹಾಕ್ಕೋತೀನಿ."

"ಸಂಜೆ ನಾನು ಇಸ್ಪೀಟಿಗೆ ಹೋಗ್ಬೇಕು. ನೀವು ಬಾಡಿಗೆ ಮನೇಲಿರೋರು, ನೆನಪಿರ್ಲಿ" ಎನ್ನುತ್ತಲೇ ಓನರು ಒಪ್ಪಿದರು.

ಮಧ್ಯಾಹ್ನ ಸೈಕಲ್ ಮದುಮಗನಂತೆ ನಿಂತಿತ್ತು. ಸುತ್ತಲೂ ಟೈಲರ್, ಅಜ್ಜಿ, ಹೆಂಡತಿ, ಓನರು ತಂತಮ್ಮ ಭಾಗದ ಮೇಲೆ ಕಣ್ಣಿಟ್ಟು ನಿಂತಿದ್ದರು. ಮೆಕ್ಯಾನಿಕ್ ವ್ಯಾನಿನಿಂದಿಳಿದು ಸೀಟು ಒತ್ತಿದ, ಚಕ್ರ ತಿರುಗಿಸಿದ, ಬೆಲ್ ಬಾರಿಸಿದ. ಅಭ್ಯಾಸಬಲದಿಂದ ಸೊಸೆ "ಬಂದೇ ಅತ್ತೇ" ಎಂದು ಒಳಗಿನಿಂದ ಓಡಿಬಂದಳು.

"ಎಲ್ಲಾ ಸರಿಯಾಗಿದೆ ಸಾರ್" ಎಂದ ಮೆಕ್ಯಾನಿಕ್.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಪೆಡಲ್ ಹಾಕಪ್ಪಾ!"

"ಪೆಡಲ್ಲಾ? ಪೆಡಲ್ ಇಲ್ಲಿಗೆ ಬರಲ್ಲ ಸಾರ್, ಸೈಕಲ್ಲೇ ಫ್ಯಾಕ್ಟರಿಗೆ ಹೋಗುತ್ತೆ. ಅದಕ್ಕೇ ಪೂರ್ತಿ ಇರ್ಬೇಕು ಅಂದಿದ್ದು."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ವ್ಯಾನ್ ಹತ್ತಿತ್ತು. "ನಿಲ್ಲಪ್ಪಾ, ಚಕ್ರ ನಂದಲ್ಲ!" ಎಂದು ಹಿಂದೆ ಓಡಿದರು. ಆದರೆ ನಡೆದು ಸೋತ ಕಾಲುಗಳು ರಸ್ತೆಯ ತಿರುವಿನಲ್ಲೇ ಕೈಕೊಟ್ಟವು.

ಹಿಂದಿರುಗಿದಾಗ ನಾಲ್ವರೂ ದಾರಿಗೆ ಅಡ್ಡ ನಿಂತಿದ್ದರು.

"ಮೇಷ್ಟ್ರೇ, ನನ್ನ ಚಕ್ರ ಯಾವಾಗ ಬರುತ್ತೆ?" ಓನರು ಹಲ್ಲು ಕಡಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬಾಯಿಂದ ತಾನಾಗಿಯೇ ಸಕ್ಕರೆಯಂಥ ದನಿ ಹೊರಟಿತು.

"ಎರಡೇ ದಿನ ಸಾರ್, ಬಂದ್ಬಿಡುತ್ತೆ."

ಮೇಷ್ಟ್ರು ಈಗಲೂ ಶಾಲೆಗೆ ನಡೆದೇ ಹೋಗುತ್ತಾರೆ. ಸೈಕಲ್ಲಿಲ್ಲದ ಓನರೂ ಅವರ ಜೊತೆಯಲ್ಲೇ ನಡೆಯುತ್ತಾ, ದಾರಿಯುದ್ದಕ್ಕೂ ಚಕ್ರದ ವಿಚಾರ ಕೇಳುತ್ತಿರುತ್ತಾರೆ.