ಬೋನಪ್ಪನ ಮನೆಯ ಸಾಹೇಬರು

ಬೋನಪ್ಪನ ಮುತ್ತಜ್ಜ ಒಂದು ಚಪ್ಪಡಿ ಕಲ್ಲು, ಒಂದು ಕವಲುಕಡ್ಡಿ, ನಾಲ್ಕು ಕಾಳು, ಇಷ್ಟೇ ಬಂಡವಾಳದಲ್ಲಿ ಊರ ಉಗ್ರಾಣವನ್ನು ಇಲಿಗಳ ಬಾಯಿಂದ ಬಿಡಿಸಿಕೊಟ್ಟವನು. ಕಾಳು ಮುಟ್ಟಿದರೆ ಕಡ್ಡಿ ಜಾರುತ್ತಿತ್ತು, ಕಡ್ಡಿ ಜಾರಿದರೆ ಕಲ್ಲು ಬೀಳುತ್ತಿತ್ತು, ಕಲ್ಲು ಬಿದ್ದ ಮೇಲೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅವನ ಮಗ, ಅಂದರೆ ಬೋನಪ್ಪನ ಅಜ್ಜ, ಕಲ್ಲು ಬಿಟ್ಟು ತಂತಿ ಹಿಡಿದ. ಅವನು ಹೆಣೆದ ಬೋನಿನಲ್ಲಿ ಒಂದೇ ಸಲಕ್ಕೆ ಮೂರು ಇಲಿ ಬಿದ್ದು, ನಾಲ್ಕನೆಯದು ಹೊರಗೆ ಸರದಿ ಕಾಯುತ್ತಿತ್ತಂತೆ. ಅಪ್ಪನ ಕಾಲಕ್ಕೆ ಸ್ಪ್ರಿಂಗು ಬಂತು. ಮೊದಲ ಸ್ಪ್ರಿಂಗ್ ಬೋನನ್ನು ಪರೀಕ್ಷೆ ಮಾಡುವಾಗ ಅಪ್ಪನ ಕಿರುಬೆರಳು ಅರ್ಧ ಹೋಯಿತು. ಅವನು ಅಳಲಿಲ್ಲ. ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಸದ್ಯ, ಬೋನು ಚೆನ್ನಾಗಿ ಬಂದಿದೆ" ಅಂದ.

ಇಂಥ ವಂಶದ ನಾಲ್ಕನೆಯ ಕುಡಿ ನಮ್ಮ ಬೋನಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಈಗ ಅವನಿಗೇ ಸರಿಯಾಗಿ ನೆನಪಿಲ್ಲ. "ಬೆಟ್ಟ ಅಗೆದು ಇಲಿ ಹಿಡಿಯೋರು ಬೇರೆ. ನಮ್ಮ ಮನೆತನ ಬೆಟ್ಟಕ್ಕೆ ಕೈ ಹಚ್ಚದೇನೇ ಹಿಡಿದಿದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುವನು. ಶಾಲೆಯ ಮುಖ ಕಂಡದ್ದು ಮೂರೇ ವರ್ಷ. ಮಿಕ್ಕ ವಿದ್ಯೆಯೆಲ್ಲ ಅಪ್ಪನ ಒಂಬತ್ತೂವರೆ ಬೆರಳಿನಿಂದ ಬಂದದ್ದು. ಅದರಲ್ಲಿ ಮುಖ್ಯವಾದದ್ದು ಸತ್ತ ಇಲಿಯ ಪರೀಕ್ಷೆ. ಬೋನಿಗೆ ಬಿದ್ದ ಇಲಿ ಸತ್ತ ಹಾಗೆ ನಟಿಸುತ್ತದೆ, ಕದ ತೆಗೆದೊಡನೆ ಕಾಲಿಗೆ ಬುದ್ಧಿ ಹೇಳುತ್ತದೆ. ಆದ್ದರಿಂದ ಮೊದಲು ಮೀಸೆಗೆ ಊದಬೇಕು. ಆಮೇಲೆ ಕಾಲು ಮಡಿಸಿ ಬಿಡಬೇಕು. ಕೊನೆಗೆ ಬಾಲ ಹಿಡಿದು ಎತ್ತಬೇಕು. ಮೂರಕ್ಕೂ ಮಿಸುಕದಿದ್ದರೆ ಸತ್ತಿದೆ ಎಂದು ಅರ್ಥ. ಐವತ್ತು ವರ್ಷದಲ್ಲಿ ಬೋನಪ್ಪ ಈ ಪರೀಕ್ಷೆಯಲ್ಲಿ ಒಂದು ಸಲವೂ ತಪ್ಪಿದವನಲ್ಲ.

ತಪ್ಪಿದ್ದು ಸಾಹೇಬರ ವಿಷಯದಲ್ಲಿ.

ಸಾಹೇಬರು ಅಂದರೆ ಒಂದು ಹ್ಯಾಮ್‌ಸ್ಟರು. ಮೂರು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿರುವ ಮಗಳು ಶಾಲೆಯಲ್ಲಿ ಟೀಚರು. ಅವಳ ತರಗತಿಯ ಮಕ್ಕಳು ಅದನ್ನು ಸಾಕಿಕೊಂಡಿದ್ದರು. ಒಂದು ಮಗುವಿಗೆ ಮೈ ತುರಿಕೆ ಬಂದು, ಮುಖ್ಯೋಪಾಧ್ಯಾಯರ ಕಟ್ಟಪ್ಪಣೆಯ ಮೇರೆಗೆ ಒಂದು ವರ್ಷ ವಯಸ್ಸಿನ ಆ ಪ್ರಾಣಿ ವಿದ್ಯಾಲಯದಿಂದ ಉಚ್ಚಾಟನೆಗೊಂಡಿತು. ಮಗಳ ಮನೆಯ ಮಾಲೀಕನಿಗೆ ಬಾಡಿಗೆದಾರರನ್ನು ಕಂಡರೇ ಆಗದು, ಇನ್ನು ಅವರ ಪ್ರಾಣಿಗಳ ಮಾತೆಲ್ಲಿ. ಹೀಗಾಗಿ ಒಂದು ಸಂಜೆ ಅದು ಪಂಜರ ಸಮೇತ, ನೂರಾರು ಇಲಿಬೋನುಗಳು ಸಾಲಾಗಿ ತೂಗುತ್ತಿದ್ದ ಅಂಗಡಿಯೊಳಗಿಂದ ಹಾದು, ಬೋನಪ್ಪನ ಅಡುಗೆಮನೆ ಸೇರಿತು.

ಬೋನಪ್ಪ ಕನ್ನಡಕ ಏರಿಸಿ ನೋಡಿದ. "ಏನಿದು?"

"ಹ್ಯಾಮ್‌ಸ್ಟರ್ ಅಪ್ಪ."

"ಬಾಲ ಎಲ್ಲಿ?"

"ಅದಕ್ಕೆ ಇಷ್ಟೇ ಇರೋದು."

"ಬಾಲ ಗಿಡ್ಡ ಮಾಡಿ ಹೆಸರು ಉದ್ದ ಮಾಡಿಬಿಟ್ಟರೆ ಇಲಿ ಬೇರೆ ಏನಾದರೂ ಆಗಿಬಿಡುತ್ತಾ? ನನ್ನ ಮುತ್ತಜ್ಜ ಕಲ್ಲಿನ ಕೆಳಗೆ ಇಟ್ಟದ್ದನ್ನ ನಾನು ತಟ್ಟೆ ಮುಂದೆ ಕೂರಿಸಿ ಸಾಕಲಾ?"

"ನೀವು ಸಾಕಬೇಡಿ" ಅಂದಳು ಹೆಂಡತಿ, ಪಂಜರವನ್ನು ಕೈಗೆ ತೆಗೆದುಕೊಂಡು. "ನಾನು ಸಾಕ್ತೀನಿ. ನಲವತ್ತೆರಡು ವರ್ಷದಿಂದ ಒಬ್ಬರನ್ನ ಸಾಕಿ ಅಭ್ಯಾಸ ಇದೆ."

ಹೆಸರಿಟ್ಟವಳೂ ಅವಳೇ. ಹಗಲೆಲ್ಲ ನಿದ್ದೆ, ಎದ್ದ ಕೂಡಲೇ ಸಿಕ್ಕಿದ್ದನ್ನೆಲ್ಲ ಕೆನ್ನೆಯೊಳಗೆ ತುಂಬಿಕೊಳ್ಳುವುದು, ಕೇಳಿದರೆ ಉತ್ತರವಿಲ್ಲ. ಇದು ಸಾಹೇಬರಲ್ಲದೆ ಇನ್ನೇನು ಎಂದಳು. ಬೋನಪ್ಪ ಮೂಗು ಮುರಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸಂಸಾರ ಅವರದು. ಅವನು ಬೇಡವೆಂದದ್ದರಿಂದಲೇ ಸಾಹೇಬರಿಗೆ ಅವಳ ಹಳೆಯ ಸ್ವೆಟರಿನ ತೋಳು ಹಾಸಿಗೆಯಾಗಿ ಸಿಕ್ಕಿತು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದೇ ಉಳಿದಿತ್ತು. ಸಾಹೇಬರು ಪಂಜರದ ಮೂಲೆಯಲ್ಲಿ ಉಂಡೆಯಾಗಿ, ಕಲ್ಲಿನ ಹಾಗೆ ತಣ್ಣಗೆ ಬಿದ್ದಿದ್ದರು. ಹೆಂಡತಿ ನೀರು ಹಿಡಿಯಲು ಹೋಗಿದ್ದಳು. ಬೋನಪ್ಪ ಮೀಸೆಗೆ ಊದಿದ. ಕಾಲು ಮಡಿಸಿ ಬಿಟ್ಟ. ಬಾಲ ಹಿಡಿಯಲು ಹೋದರೆ ಸಿಗಲಿಲ್ಲ, ಅದೊಂದನ್ನು ಬಿಟ್ಟುಕೊಟ್ಟ. ಸತ್ತಿದೆ ಎಂದು ತೀರ್ಮಾನಿಸಿ, ಅವಳು ಬಂದು ಅಳುವುದರೊಳಗೆ ಕೆಲಸ ಮುಗಿಸೋಣವೆಂದು ಹಿತ್ತಲ ಗೋಡೆಯ ಪಕ್ಕ ಗುಂಡಿ ತೋಡಿದ. ಬೋನು ಮಾಡುವ ಕೈ, ಅಂದಾಜಿನ ಕೆಲಸ ಗೊತ್ತಿಲ್ಲ. ಸಾಹೇಬರನ್ನು ಬೆರಳಿನಲ್ಲಿ ಅಳೆದು, ಅಷ್ಟಕ್ಕೇ ಸರಿಯಾಗಿ, ಒಂದು ಗೇಣು ಆಳ, ನಾಲ್ಕು ಬೆರಳು ಅಗಲ, ಅಂಚು ಕೆತ್ತಿದ ಹಾಗೆ ತೋಡಿದ.

"ರೀ, ಏನು ಮಾಡ್ತಿದ್ದೀರಿ ಅಲ್ಲಿ?"

"ಕೂತ್ಕೋ. ಧೈರ್ಯ ತಗೋ. ಸಾಹೇಬರು ಹೋದರು."

ಅವಳು ಕೊಡ ಇಳಿಸಿದಳು. ಕೂರಲಿಲ್ಲ, ಅಳಲಿಲ್ಲ. ಅವನ ಕೈಯಿಂದ ಸಾಹೇಬರನ್ನು ಕಿತ್ತುಕೊಂಡು, ಎರಡು ಅಂಗೈ ನಡುವೆ ಇಟ್ಟು, ಒಲೆಯ ಹತ್ತಿರ ಹೋಗಿ ನಿಂತಳು. ಬಾಯಿಂದ ಬಿಸಿ ಉಸಿರು ಬಿಡುತ್ತ ಒಂದು ಗಂಟೆ ನಿಂತೇ ಇದ್ದಳು. ಬೋನಪ್ಪ ಗುದ್ದಲಿ ಹಿಡಿದು ಬಾಗಿಲಲ್ಲಿ, "ನಾಲ್ಕು ತಲೆಮಾರಿನ ಪರೀಕ್ಷೆ ಕಣೇ ಇದು, ನಿನಗೆ ಗೊತ್ತಾಗಲ್ಲ" ಎನ್ನುತ್ತಲೇ ಇದ್ದ. ಗಂಟೆ ಮುಗಿಯುವ ಹೊತ್ತಿಗೆ ಮೀಸೆ ನಡುಗಿತು. ಆಮೇಲೆ ಒಂದು ಕಣ್ಣು ತೆರೆಯಿತು. ಸಾಹೇಬರು ಚಳಿಗೆ ಸೆಟೆದು ಮಲಗಿದ್ದರು, ಅಷ್ಟೆ.

ಬೋನಪ್ಪ ಗುಂಡಿ ಮುಚ್ಚಲು ಹೊರಟ. ಹೆಂಡತಿ ಬಿಡಲಿಲ್ಲ. "ಮುಚ್ಚಬೇಡಿ. ಇರಲಿ, ಸಾಕ್ಷಿಗೆ ಬೇಕು" ಎಂದು ಅದರ ಮೇಲೆ ಒಂದು ತಗಡು ಮುಚ್ಚಿ, ತಗಡಿನ ಮೇಲೆ ಕಲ್ಲು ಹೇರಿದಳು. ಆಮೇಲೆ ಹಿತ್ತಲಿಗೆ ಬಂದವರಿಗೆಲ್ಲ ಕಲ್ಲು ತೆಗೆದು ತೋರಿಸುವಳು. "ನಮ್ಮ ಯಜಮಾನರ ಬುದ್ಧಿವಂತಿಕೆ ಎಷ್ಟು ಆಳ ಅಂತ ನೋಡಬೇಕಾ? ಬನ್ನಿ. ಒಂದು ಗೇಣು." ಪಕ್ಕದ ಬೇಕರಿಯವನು ಇದನ್ನು ಕೇಳಲೆಂದೇ ವಾರಕ್ಕೊಮ್ಮೆ ಬರುತ್ತಿದ್ದ.

ಚಳಿ ಕಳೆದು ಬಿಸಿಲು ಬಂದಾಗ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಎಂಟನೆಯ ದಿನ ಸಂಜೆ ಬೋನಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಗ ಕೇಳಿದಳು:

"ಸಾಹೇಬರಿಗೆ ಊಟ ಹಾಕಿದ್ರಾ?"

"ಹಾಕಿ ಬಂದೆ."

"ಕಡಲೆಬೀಜ ಎರಡೇ. ಜಾಸ್ತಿ ಹಾಕಬೇಡಿ, ಊದಿಕೊಳ್ತಾರೆ." ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡಳು. "ಮತ್ತೆ, ಸತ್ತಿದೆ ಅಂತ ಆತುರ ಬೀಳಬೇಡಿ. ನಿಮಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗಲ್ವಾ? ನಾಲ್ಕು ತಲೆಮಾರು…"

"ಗೊತ್ತು ಗೊತ್ತು. ಒಂದು ಗೇಣು" ಎಂದು ನಕ್ಕಳು. ನಗು ಕೆಮ್ಮಾಯಿತು.

ಮರುದಿನ ಬೆಳಿಗ್ಗೆ ನರ್ಸಮ್ಮ ಬಂದು ವಿಷಯ ಹೇಳಿದಾಗ ಬೋನಪ್ಪ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಹೆಂಡತಿಯ ಎರಡು ಕೈಗಳನ್ನು ತನ್ನ ಅಂಗೈಯೊಳಗೆ ಇಟ್ಟುಕೊಂಡು ಕೂತ. ಮಗಳು ಕರೆದರೂ ಏಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಸರಿಯಾಗಿ ಒಂದು ಗಂಟೆ ಕೂತಿದ್ದು, ಆಮೇಲೆ ತಾನೇ ಎದ್ದ.

ಹೀಗೆ ಸಾಹೇಬರು ಬೋನಪ್ಪನ ಪಾಲಿಗೆ ಬಂದರು. ಮಗಳು, "ಯಾರಿಗಾದರೂ ಕೊಟ್ಟುಬಿಡೋಣ ಅಪ್ಪ, ನಿನಗೆ ಕಷ್ಟ" ಅಂದಳು. "ಕೊಲ್ಲೋದು ನಾಲ್ಕು ತಲೆಮಾರಿನಿಂದ ಬಂದಿದೆ, ಸಾಕೋದೇನು ಮಹಾ" ಎಂದ ಬೋನಪ್ಪ. ಮಹಾ ಎಷ್ಟೆಂದು ಮೊದಲ ದಿನವೇ ಗೊತ್ತಾಯಿತು. ಹೊತ್ತು ನೆತ್ತಿಗೇರಿದರೂ ಏಳಲಿಲ್ಲವೆಂದು ಬೆನ್ನು ತಟ್ಟಿ ಎಬ್ಬಿಸಿದ. ಸಾಹೇಬರು ಎದ್ದವರೇ ಅವನ ಕಿರುಬೆರಳಿಗೆ ಬಾಯಿ ಹಾಕಿದರು. (ಅಪ್ಪನಿಗೆ ಹೋದದ್ದೂ ಅದೇ ಬೆರಳು. ಬೆರಳಿಗೂ ವಂಶದ ಋಣ ಇರುತ್ತದೆ.) ಗಾಯಕ್ಕೆ ಬಟ್ಟೆ ಹುಡುಕುವಾಗ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಅಂಟಿಸಿದ ಒಂದು ಚೀಟಿ ಸಿಕ್ಕಿತು. ಹೆಂಡತಿಯ ಕೈಬರಹ. ಅಕ್ಷರ ಕೂಡಿಸಿ ಓದಿದ: "ಹಗಲು ಎಬ್ಬಿಸಬಾರದು. ಸ್ನಾನ ಮಾಡಿಸಬಾರದು. ಕಡಲೆಬೀಜ ದಿನಕ್ಕೆ ಎರಡು. ಎರಡೇ."

ಅವಳು ತನಗಾಗಿ ಬರೆದುಕೊಂಡಿದ್ದಳೋ, ಅವನಿಗಾಗಿಯೋ, ಕೇಳುವುದಕ್ಕೆ ಆಗ ಯಾರೂ ಇರಲಿಲ್ಲ.

ಪಂಜರದ ಸರಳು ತುಕ್ಕು ಹಿಡಿದಿತ್ತು. ಹೊಸ ಮನೆ ಕಟ್ಟಲು ಬೋನಪ್ಪ ತಂತಿ, ಇಕ್ಕಳ ಹಿಡಿದು ಕೂತ. ಕಟ್ಟಿದ್ದೇನೋ ಚೆನ್ನಾಗಿತ್ತು; ಸಾಹೇಬರು ಹೊಸ್ತಿಲು ದಾಟಿದ ಕೂಡಲೇ ಹಿಂದಿನಿಂದ ಕದ ದಢಕ್ಕೆಂದು ಬಿತ್ತು. ಬಿಚ್ಚಿ ಮತ್ತೆ ಕಟ್ಟಿದ, ಮತ್ತೆ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಕೈಗೆ ಒಂದೇ ಬಗೆಯ ಬಾಗಿಲು ಗೊತ್ತಿತ್ತು, ಒಳಗೆ ಹೋದವರು ಹೊರಗೆ ಬಾರದ ಬಾಗಿಲು. ಒಂದು ವಾರ ಒದ್ದಾಡಿ, ಕಡೆಗೆ ಮೂತಿಯಿಂದ ತಳ್ಳಿದರೆ ಒಳಗಿನಿಂದಲೇ ತೆರೆದುಕೊಳ್ಳುವ ಕದ ಮಾಡಿದ. ಆ ಮನೆತನದಲ್ಲಿ ಅಂಥ ಕದ ಮಾಡಿದ್ದು ಅದೇ ಮೊದಲು. ಆ ದಿನದಿಂದ ಸಂಜೆಯಾದರೆ ಸಾಹೇಬರು ಅಂಗಡಿಯಲ್ಲಿ ತಿರುಗಾಟಕ್ಕೆ ಬರತೊಡಗಿದರು, ಆ ದಿನದಿಂದ ಅಂಗಡಿಯ ಬೋನುಗಳೆಲ್ಲ ಸ್ಪ್ರಿಂಗು ಸಡಿಲಿಸಿಕೊಂಡು ಬಾಯಿ ಬಿಟ್ಟು ಕೂತವು. ಬೇಕರಿಯವನು ಒಂದು ಬೋನು ಒಯ್ದು ಮರುದಿನವೇ ವಾಪಸು ತಂದ.

"ಬೋನಪ್ಪಣ್ಣ, ಇಲಿ ಬಂತು, ಬ್ರೆಡ್ಡು ತಿಂತು, ಮೈ ಮುರಿದು ಹೋಯ್ತು."

"ಸ್ಪ್ರಿಂಗ್ ಕಟ್ಟೋದು ಮರೆತಿದ್ದೆ ಕಣಯ್ಯ."

"ನೀವಾ, ಮರೆತದ್ದಾ?" ಬೇಕರಿಯವನು ಅವನ ಮುಖ ನೋಡಿ, ಬೋನನ್ನು ಅಲ್ಲೇ ಇಟ್ಟು ಹೊರಟ.

ಚೀಟಿಯ ಎಲ್ಲ ಮಾತನ್ನೂ ಬೋನಪ್ಪ ಪಾಲಿಸಿದ, ಒಂದನ್ನು ಬಿಟ್ಟು. ಸಂಜೆ ಅಂಗಡಿ ಬಾಗಿಲು ಎಳೆದ ಮೇಲೆ ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಒಂದು ಕಡಲೆಬೀಜ ಕೊಟ್ಟರೆ ಸಾಹೇಬರು ಕರುಂ ಕುರುಂ ಎಂದು ಅದನ್ನು ಕಡಿದು ಮುಗಿಸುವವರೆಗೆ ಅಡುಗೆಮನೆಯಲ್ಲಿ ಯಾರೋ ಏನೋ ಮಾಡುತ್ತಿರುವ ಸದ್ದು. ಎರಡಕ್ಕೆ ಎರಡು ಪಾಲು ಸದ್ದು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. "ಅವಳಿಗೆ ಹೇಳಬೇಡಿ" ಎಂದು ಪ್ರತಿದಿನ ಸಾಹೇಬರಿಗೆ ಹೇಳುತ್ತಿದ್ದ. ಸಾಹೇಬರು ಗೇಣಿಗೆ ಸಿಗದಷ್ಟು ದುಂಡಗಾದರು.

ಮತ್ತೆ ಚಳಿ ಬಂತು. ಬೋನಪ್ಪ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದ. ಆದರೂ ಒಂದು ಬೆಳಿಗ್ಗೆ ಸಾಹೇಬರು ಸ್ವೆಟರಿನ ತೋಳಿನೊಳಗೆ ತಣ್ಣಗೆ ಸೆಟೆದು ಮಲಗಿದ್ದರು. ಬೋನಪ್ಪ ಮೀಸೆಗೆ ಊದಲಿಲ್ಲ. ಕಾಲು ಮುಟ್ಟಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಒಲೆಯ ಹತ್ತಿರ ನಿಂತ. ಒಂದು ಗಂಟೆಯಾಯಿತು. ಈ ಸಲ ಚಳಿ ಜಾಸ್ತಿ ಇದೆ ಎಂದುಕೊಂಡು ಇನ್ನೊಂದು ಗಂಟೆ ನಿಂತ. ಆಮೇಲೆ ಸಾಹೇಬರನ್ನು ಅಂಗಿಯ ಎದೆಜೇಬಿನಲ್ಲಿ ಇಳಿಸಿ, ಮೇಲೆ ಕೋಟು ಹಾಕಿ, ಅಂಗಡಿ ತೆರೆದ.

ಬೋನು ಕೊಳ್ಳಲು ಬಂದ ಒಬ್ಬಳು ಹೆಂಗಸು ತೆರೆದ ಕೋಟಿನ ನಡುವೆ ಉಬ್ಬಿ ಕಾಣುತ್ತಿದ್ದ ಅವನ ಎದೆಜೇಬನ್ನೇ ನೋಡಿದಳು. "ಯಜಮಾನರೇ, ನಿಮ್ಮ ಜೇಬಿನಲ್ಲಿ ಇಲಿ ಇದೆ."

"ಇಲಿ ಅಲ್ಲಮ್ಮ, ಸಾಹೇಬರು."

"ಸತ್ತಿದೆ."

"ಹಾಗಂತ ನಾನೂ ಒಂದು ಸಲ ಅಂದಿದ್ದೆ."

ಅವಳು ಬೋನು ಕೊಳ್ಳದೆ ಹೋದಳು. ಬೋನಪ್ಪ ಅಂಗಡಿ ಮುಚ್ಚಿ ನೇರ ಬೇಕರಿಗೆ ನಡೆದು, ಒಲೆಯ ಮಗ್ಗುಲಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತ. "ಇಲ್ಲಿ ಬೆಚ್ಚಗಿದೆ. ಸ್ವಲ್ಪ ಹೊತ್ತು ಕೂರ್ತೀನಿ" ಅಂದ.

ಬೇಕರಿಯವನು ಜೇಬು ನೋಡಿದ, ಎದುರಿಗೆ ನಿಂತ ಗಿರಾಕಿಗಳನ್ನು ನೋಡಿದ. ಮೂವತ್ತು ವರ್ಷ ಗಿರಾಕಿಗಳೆದುರು ಇಲಿಯ ಹೆಸರೆತ್ತಿದರೆ ಬೆವರುತ್ತಿದ್ದ ಮನುಷ್ಯ ತನ್ನ ಏಪ್ರನ್ ಬಿಚ್ಚಿ ಬೋನಪ್ಪನ ಹೆಗಲಿಗೆ ಹೊದಿಸಿ, ಜೇಬು ಮರೆಮಾಡಿ, "ಕೂತ್ಕೊಳ್ಳಿ ಅಣ್ಣ" ಅಂದ. ಅವತ್ತು ಸಂಜೆಯವರೆಗೆ, ಮರುದಿನ ಇಡೀ ಹಗಲು, ಬೋನಪ್ಪ ಅಲ್ಲೇ ಕೂತಿದ್ದ. ಮಗಳು ಶಾಲೆ ಮುಗಿಸಿ ಬಂದು ಕೆಳಗೆ ಕುಕ್ಕರಿಸಿದಳು.

"ಅಪ್ಪ, ಹ್ಯಾಮ್‌ಸ್ಟರ್ ಬದುಕೋದೇ ಎರಡು ವರ್ಷ. ಇದಕ್ಕೆ ಎರಡು ತುಂಬಿತು. ಇದು ಚಳಿ ಅಲ್ಲ."

"ನಿಮ್ಮಮ್ಮ ಆತುರ ಬೀಳಬೇಡಿ ಅಂದಿದ್ದಾಳೆ."

ಮಗಳು ಎದ್ದು, ಜಾರಿದ್ದ ಏಪ್ರನ್ನನ್ನು ಅವನ ಹೆಗಲ ಮೇಲೆ ಸರಿಮಾಡಿದಳು.

ಮೂರನೆಯ ಬೆಳಿಗ್ಗೆ ಬೋನಪ್ಪ ಕೋಟು ಹಾಕಿಕೊಳ್ಳುವಾಗ ಜೇಬಿನಿಂದ ವಾಸನೆ ಬಂತು. ಅದನ್ನು ಗುರುತಿಸಲು ಊದುವುದೂ ಬೇಡ, ಮಡಿಸುವುದೂ ಬೇಡ. ಆ ವಾಸನೆಯಲ್ಲೇ ಹುಟ್ಟಿ ಬೆಳೆದ ಮೂಗು ಅದು. ಅವನು ಕೋಟು ತೆಗೆದು ಗೂಟಕ್ಕೆ ಹಾಕಿದ. ಸಾಹೇಬರನ್ನು ಸ್ವೆಟರಿನ ತೋಳಿನಲ್ಲಿ ಸುತ್ತಿ, ಹಿತ್ತಲಿಗೆ ಹೋದ.

ಮಗಳೂ ಬೇಕರಿಯವನೂ ಬಂದು ನಿಂತರು. ಬೋನಪ್ಪ ಕಲ್ಲು ಸರಿಸಿ ತಗಡು ಎತ್ತಿದ. ಒಂದು ಗೇಣು ಆಳ, ನಾಲ್ಕು ಬೆರಳು ಅಗಲ, ಅಂಚು ಒಂದಿಷ್ಟೂ ಕುಸಿಯದೆ ಗುಂಡಿ ಹಾಗೇ ಇತ್ತು. ಮಂಡಿಯೂರಿ ಸಾಹೇಬರನ್ನು ಇಳಿಸಿದ. ಅವರು ಇಳಿಯಲಿಲ್ಲ. ಓರೆ ಮಾಡಿ ನೋಡಿದ, ಸ್ವೆಟರಿನ ತೋಳನ್ನು ಬಿಗಿಯಾಗಿ ಸುತ್ತಿ ನೋಡಿದ. ಹೊಟ್ಟೆ ಅಂಚಿಗೆ ತಾಗಿ ನಿಂತಿತು. ಐವತ್ತು ವರ್ಷದಲ್ಲಿ ಬೋನಪ್ಪನ ಅಳತೆ ತಪ್ಪಿದ್ದು ಅದೊಂದೇ ಸಲ.

ಬೇಕರಿಯವನು ಕೆಳತುಟಿ ಕಚ್ಚಿಕೊಂಡು ಬೇರೆ ಕಡೆ ನೋಡಿದ. ನಗು ತಡೆಯುತ್ತಿದ್ದನೋ, ಇನ್ನೊಂದನ್ನೋ. ಮಗಳು ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡಳು. "ಏಳು ಅಪ್ಪ. ನಿನ್ನ ಬೆನ್ನು ನೋವು. ನಾನು ಸ್ವಲ್ಪ ಅಗಲ ಮಾಡ್ತೀನಿ, ಎರಡು ನಿಮಿಷದ ಕೆಲಸ."

ಬೋನಪ್ಪ ಕೂತಲ್ಲಿಂದಲೇ ಕೈ ಚಾಚಿ ಗುದ್ದಲಿ ಇಸಿದುಕೊಂಡ.

"ಬೇಡ ಮಗಳೇ. ಇಬ್ಬರೂ ಒಳಗೆ ಹೋಗಿ. ಎರಡೇ ಅಂತ ಅವಳು ಬರೆದಿಟ್ಟಿದ್ದಳು. ಕಡಲೆಬೀಜ ಹಾಕಿದ್ದು ನಾನು, ಗುಂಡಿನೂ ನಾನೇ ದೊಡ್ಡದು ಮಾಡ್ತೀನಿ."