ರಾಕ್ಷಸ ಒಂದು ಮನೆ ಮುಂದೆ

ಅಜ್ಜಿ ಕಥೆಯಂಥ ಒಂದು ಸಣ್ಣ ಆಟ ಮಾಡಿ, ಆಡಿ ನೋಡಿ ಎಂದು ನಾಲ್ಕು ಜನರ ಮುಂದಿಟ್ಟರೆ ಸಾಕು, ಅವರು ಅದನ್ನು ಬಿಟ್ಟು ಬೇರೆಯದನ್ನೇ ಆಡುತ್ತಾರೆ. ನನಗಂತೂ ಪ್ರತಿ ಸಲ ಹೀಗೇ ಆಗಿದೆ. ಹಾವೇರಿಯಲ್ಲಿ ನನ್ನದು ಲಗ್ನಪತ್ರಿಕೆಯ ಅಂಗಡಿ. ಈಗ ಲಗ್ನದ ಕರೆ ಫೋನಿನಲ್ಲೇ ಹೋಗಿಬಿಡುತ್ತದೆ. ಹೊಸದೇನಾದರೂ ಹಿಡಿಯದಿದ್ದರೆ ಅಂಗಡಿಗೆ ಕೀಲಿ ಹಾಕುವುದೇ ಗತಿ. ಅದಕ್ಕೇ ಈ ಆಟ: ಗುಹೆಯಲ್ಲಿ ರಾಜಕುಮಾರಿ, ದಾರಿಯಲ್ಲಿ ರಾಕ್ಷಸ, ಬಿಡಿಸಿ ತರಲು ಹೊರಟ ರಾಜಕುಮಾರ, ಆಡುವವರ ಕೈಯಲ್ಲಿ ಉಪಾಯದ ಕಾರ್ಡುಗಳು. ಒಂದು ಕಾರ್ಡು ಕೆಳಗಿಟ್ಟರೆ ರಾಜಕುಮಾರ ಒಂದು ಮನೆ ಮುಂದೆ.

೧. ಕಾಡಿನ ತುಂಬ ಸಂಡಿಗೆ

ಮೊದಲು ಮಾಡಿದ ಆಟದ ಹಾಸು ದುಪ್ಪಟಿಯಷ್ಟಿತ್ತು. ಹಳೆಯ ಫ್ಲೆಕ್ಸಿನ ಬೆನ್ನಿಗೆ ಕಾಡು, ಹೊಳೆ, ಗುಹೆ, ನಡುವೆ ಕೋರೆಹಲ್ಲಿನ ರಾಕ್ಷಸ, ಎಲ್ಲವನ್ನೂ ಬಣ್ಣದಲ್ಲಿ ಬರೆದು, ಒಣಗಲೆಂದು ಮಾಳಿಗೆಯ ಮೇಲೆ ಹಾಸಿದ್ದೆ. ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಕಾಡಿನ ತುಂಬ ಸಂಡಿಗೆ. ಅತ್ತೆ ಹೊಳೆಯ ದಂಡೆಯನ್ನೂ ಬಿಟ್ಟಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೊಡ್ಡ ಮಾಳಿಗೆಯಲ್ಲಿ ನನ್ನ ಆಟವೇ ಸಿಕ್ಕಿತೇ ಎಂದು ಕೇಳಿದೆ. ಅವರು ಸಂಡಿಗೆ ತಿರುವಿ ಹಾಕುತ್ತಲೇ ಉತ್ತರ ಕೊಟ್ಟರು.

"ಚಾಪಿ ಮ್ಯಾಲೆ ಹಾಕಿದ್ರ ಕಾಗಿ ತಿನ್ನದ ಬಿಡಂಗಿಲ್ಲವ್ವಾ. ಇಲ್ಲೆ ನಿನ್ನ ರಾಕ್ಷಸ ಕುಂತಾನ, ಒಂದರ ಬಂದೈತೇನು ನೋಡು."

೨. ಬ್ಯಾಡಗಿಯ ವ್ಯವಹಾರ

ಆ ಹಾಸು ಅತ್ತೆಯ ಪಾಲಾಯಿತು. ಇದರಿಂದ ಒಂದು ಒಳ್ಳೆಯದೂ ಆಯಿತು: ಹಾಸಲು ಇಷ್ಟು ಜಾಗ ಬೇಡುವ ಆಟವನ್ನು ಯಾರೂ ಕೊಳ್ಳುವುದಿಲ್ಲ ಎಂದು ತಿಳಿಯಿತು. ಉಳಿದ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ, ಮಡಿಚಿದರೆ ಅಂಗೈಯೊಳಗೆ ಕೂರುವ ಹಾಸು, ರಾಜಕುಮಾರನಿಗೂ ರಾಕ್ಷಸನಿಗೂ ಒಂದೊಂದು ಪುಟ್ಟ ಬೊಂಬೆ ಮಾಡಿ, ಎಲ್ಲವನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ತುಂಬಿದೆ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಬಿಲ್ ಪುಸ್ತಕ ಕೊಡಲು ಹೋದಾಗ ಡಬ್ಬಿ ಚೀಲದಲ್ಲೇ ಇತ್ತು. ನಾಲ್ವರು ಮೆಣಸಿನಕಾಯಿ ವ್ಯಾಪಾರಿಗಳು ಟೆಂಡರಿಗೆ ರೇಟು ಹಾಕಿ, ಯಾರಿಗೆ ಮಾಲು ಆಯಿತೆಂದು ತಿಳಿಯಲು ಕಾಯುತ್ತ ಕೂತಿದ್ದರು. ಘಾಟಿಗೆ ಸೀನುತ್ತಲೇ ಅವರಿಗೆ ಆಟ ಹೇಳಿಕೊಟ್ಟೆ.

ನಾಲ್ವರೂ ಕಾರ್ಡುಗಳನ್ನು ಎದೆಗೆ ಒತ್ತಿಕೊಂಡು ಕೂತರು. ಒಬ್ಬರೂ ಒಂದನ್ನೂ ಕೆಳಗಿಡಲಿಲ್ಲ. ಎದುರಿನವನು ಇಟ್ಟ ಮೇಲೆ ತಾನು ನೋಡಿಕೊಂಡರಾಯಿತು ಎಂಬುದು ಪ್ರತಿಯೊಬ್ಬರ ಲೆಕ್ಕ. ಚಹಾ ಬಂತು, ಕಪ್ಪುಗಳೂ ವಾಪಸು ಹೋದವು. ರಾಜಕುಮಾರ ಮಾತ್ರ ಹೊರಟಲ್ಲೇ ಇದ್ದ. ಕೊನೆಗೆ ನಾನೇ ತಾಳಲಾರದೆ, ಆ ಹುಡುಗಿಯನ್ನು ಯಾರಾದರೂ ಬಿಡಿಸಿ ಎಂದು ಬೇಡಿಕೊಂಡೆ. ಅವರಲ್ಲಿ ಹಿರಿಯರು ನನಗೇ ಸಮಾಧಾನ ಹೇಳಿದರು.

"ಗಡಬಡಿ ಮಾಡಬ್ಯಾಡ್ರಿ ಅಕ್ಕಾರ. ಇನ್ನೆರಡ ದಿನ ಸುಮ್ನಿದ್ರ ರಾಕ್ಷಸ ತಾನ ರೇಟ ಇಳಸ್ತಾನ."

೩. ಬೀಗರ ಮರ್ಯಾದೆ

ಮನೆಗೆ ಬಂದವಳೇ ಹೊಸ ನಿಯಮ ಹಾಕಿದೆ. ಯಾರಾದರೂ ತಮ್ಮ ಸರದಿ ಬಿಟ್ಟುಕೊಟ್ಟರೆ ರಾಕ್ಷಸ ರಾಜಕುಮಾರನತ್ತ ಒಂದು ಮನೆ ಮುಂದೆ ಬರುತ್ತಾನೆ. ರಾಜಕುಮಾರನನ್ನು ಮುಟ್ಟಿದರೆ ಮುಗಿಯಿತು, ರಾಜಕುಮಾರಿಯನ್ನೂ ಸೇರಿಸಿ ನುಂಗಿಬಿಡುತ್ತಾನೆ.

ಅಷ್ಟರಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು, ಮಗಳ ಲಗ್ನಕ್ಕೆ ಬರುವ ಮಕ್ಕಳಿಗೆಲ್ಲ ಈ ಡಬ್ಬಿಯನ್ನೇ ಕೊಡುವ ಮನಸ್ಸು ಮಾಡಿದರು. ಬೀಗರೂ ಒಪ್ಪಿದರೆ ಆರ್ಡರು ಗಟ್ಟಿ. ನನ್ನ ಮೊದಲ ಆರ್ಡರು. ಬೀಗರು ಬರುವ ದಿನ ನನ್ನನ್ನೂ ಕರೆದರು.

ಬೀಗರು ಬಂದದ್ದು ಲಗ್ನದ ದಿನ ಗೊತ್ತು ಮಾಡಲು. ನೀವು ಹೇಳಿದ ದಿನವೇ ನಮಗೂ ಒಪ್ಪಿಗೆ ಎಂದು ಅವರು, ಇಲ್ಲ, ನೀವೇ ಹೇಳಬೇಕು ಎಂದು ಇವರು. ಹಿಂದಿನ ಸಲವೂ ಇದೇ ಮಾತಾಡಿ, ಉಪ್ಪಿಟ್ಟು ತಿಂದು ಎದ್ದಿದ್ದರಂತೆ.

ನಡುವೆ ಸ್ವಲ್ಪ ಬಿಡುವಾಗಲೆಂದು ಆಟ ಹಾಸಿದೆ. ಬೀಗರಿಗಿಂತ ಮೊದಲು ಕೈ ಹಾಕುವುದು ಹೆಣ್ಣಿನ ಕಡೆಯವರಿಗೆ ಮರ್ಯಾದೆಯಲ್ಲ. ಇನ್ನೊಬ್ಬರ ಮನೆಯಲ್ಲಿ ಕೂತು ತಾವೇ ಮುಂದಾಗುವುದು ಬೀಗರಿಗೆ ಸರಿಯಲ್ಲ. ನೀವು ಆಡಿ ಎಂದು ಇವರು, ಛೇ, ನೀವೇ ಆಡಿ ಎಂದು ಅವರು. ನಿಯಮ ಮಾಡಿದ ತಪ್ಪಿಗೆ, ಪ್ರತಿ ಸಲ ರಾಕ್ಷಸನನ್ನು ನಾನೇ ಒಂದೊಂದು ಮನೆ ಸರಿಸಬೇಕು. ಒಬ್ಬರಾದರೂ ಒಂದು ಕಾರ್ಡು ಇಡಲೆಂದು ದೇವರನ್ನು ನೆನೆಯುತ್ತ ಸರಿಸಿದೆ. ಇಡಲಿಲ್ಲ. ಲಗ್ನದ ಮಾತು ನಡೆದ ಮನೆಯಲ್ಲಿ ಹುಡುಗ, ಹುಡುಗಿ ಇಬ್ಬರೂ ರಾಕ್ಷಸನ ಬಾಯಿಗೆ ಹೋದರು.

ಗಂಡಿನ ತಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಆರ್ಡರು ಹೋದಂತೆಯೇ ಎಂದು ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಆಗ ಚಹಾ ತಂದ ಮದುಮಗಳು ಹಾಸಿನ ಕಡೆ ಒಮ್ಮೆ ನೋಡಿದಳು.

"ರಾಕ್ಷಸಂದೇನ ತಪ್ಪೈತ್ರಿ ಇದರಾಗ? ಎರಡೂ ಮನಿಯವರು ನೀವ ಹೇಳ್ರಿ, ನೀವ ಹೇಳ್ರಿ ಅನಕೋತ ಕುಂತ್ರ ನಮ್ಮಿಬ್ಬರದೂ ಇದ ಗತಿ."

ಮೊದಲು ನಕ್ಕವರು ಗಂಡಿನ ತಂದೆ. ನಗುತ್ತಲೇ ಗೋಡೆಯ ಕ್ಯಾಲೆಂಡರು ಇಳಿಸಿಕೊಂಡು ಒಂದು ದಿನದ ಮೇಲೆ ಬೆರಳಿಟ್ಟರು. ಹೆಣ್ಣಿನ ತಂದೆ ಕೂಡಲೇ ಹೂಂ ಅಂದರು. ಡಬ್ಬಿ ಕೊಡುವುದೂ ಅದೇ ಉಸುರಿನಲ್ಲಿ ಖಾತ್ರಿಯಾಯಿತು. ನನಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಬೀಗರು ನನ್ನ ಕಡೆ ತಿರುಗಿ ಡಬ್ಬಿಗಳನ್ನು ಯಾವಾಗ ಕೊಡುತ್ತೀರಿ ಎಂದು ಕೇಳಿದರು. ಇಷ್ಟು ವರ್ಷ ಗಿರಾಕಿಗಳ ಜೊತೆ ಮಾತಾಡಿ ರೂಢಿಯಾದ ನಾಲಿಗೆ.

"ನೀವ ಹೇಳ್ರಿ" ಎಂದೆ.

ಮದುಮಗಳು ರಾಕ್ಷಸನನ್ನು ಎತ್ತಿ ನನ್ನ ಮುಂದೆ ತಂದಿಟ್ಟಳು.