ಕಮಲಾಪುರದ ಓದುಗರ ಮಿಕ್ಸಿ ಜಾರು

ಹೊಗಳಿಕೆ ಬೇಡ, ನಿಜವಾದ ಅಭಿಪ್ರಾಯ ಸಾಕು ಎನ್ನುವ ಲೇಖಕರ ಮಾತನ್ನು ಯಾರೂ ನಂಬಬಾರದು. ನಾನೂ ಹಾಗೆಯೇ ಹೇಳಿಕೊಂಡು ತಿರುಗಿದವನು. ವಾರಪತ್ರಿಕೆಗಳಿಗೆ ಪ್ರಬಂಧ ಕಳಿಸುತ್ತಿದ್ದ ಕಾಲದಲ್ಲಿ ನನಗೂ ಓದುಗರಿಗೂ ನಡುವೆ ಸಂಪಾದಕರು ಕೂತಿರುತ್ತಿದ್ದರು. ಅಚ್ಚಾದದ್ದನ್ನು ಯಾರು ಓದಿದರು, ಯಾರು ಅದರಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋದರು ಎಂಬುದು ತಿಳಿಯುತ್ತಿರಲಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಓಣಿಯವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಭಾಳ ಚಲೋ ಬರೀತೀರಿ ಬಿಡ್ರಿ.” ಓದದೆಯೇ ಹೇಳಬಹುದಾದ ಮಾತು ಅದು. ಹಾಗಾಗಿ ಮನೆಗೆ ಇಂಟರ್‌ನೆಟ್ ಬಂದ ವರ್ಷವೇ ನಾನೊಂದು ಬ್ಲಾಗ್ ತೆರೆದೆ. ಇನ್ನು ಲೇಖಕನೂ ಓದುಗನೂ ನೇರ ಮುಖಾಮುಖಿ ಎಂದು ಹೆಂಡತಿ ಸುಧಾಳ ಮುಂದೆ ಘೋಷಿಸಿದೆ. ಕೆಲವು ತಿಂಗಳು ನನ್ನ ಮುಖ ಮಾತ್ರ ಇತ್ತು, ಎದುರಿನ ಮುಖ ಬರಲಿಲ್ಲ. ಸುಧಾ ಚಹಾ ತಂದಿಡುವಾಗಲೆಲ್ಲ “ಯಾರರ ಬಂದಾರೇನ್ರಿ?” ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಕೊನೆಗೂ ಒಬ್ಬರು ಬಂದರು. ನಮ್ಮ ಜಿಲ್ಲೆಯ ಕಮಲಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ರುಕ್ಮೊದ್ದೀನ್. ಗಿರಾಕಿ ಇಲ್ಲದಾಗ ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಬ್ಲಾಗ್ ಓದುತ್ತಿದ್ದರಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಕನ್ನಡದಲ್ಲಿ ಮೇಲ್ ಬಂದಿತ್ತು: “ಸರ್, ಲಗ್ನದಾಗ ಚಪ್ಪಲಿ ಕಳಕೊಂಡದ್ದು ಬರದೀರಲ್ಲ, ಅರ್ಧ ತನಕ ನಗು ಬಂತು. ಆಮ್ಯಾಲ ನಿಮಗೇ ಬ್ಯಾಸರ ಆದಂಗ ಕಾಣಸ್ತದ.” ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಅರ್ಧ ಬರೆದು ಊಟಕ್ಕೆ ಎದ್ದಿದ್ದೆ, ಉಳಿದದ್ದನ್ನು ಊಟದ ನಂತರ ತೂಕಡಿಸುತ್ತ ಮುಗಿಸಿದ್ದೆ. ಕಮಲಾಪುರದಲ್ಲಿ ಕೂತವರಿಗೆ ನನ್ನ ತೂಕಡಿಕೆ ಕಂಡಿತ್ತು. ಇಷ್ಟು ವರ್ಷ ಬರೆದರೂ ಹೀಗೆ ಯಾರೂ ನನ್ನನ್ನು ಓದಿರಲಿಲ್ಲ. ಸಂತೋಷಕ್ಕೆ ಆ ಅರ್ಧವನ್ನು ಹೊಸದಾಗಿ ಬರೆದು ಹಾಕಿದೆ.

ಉತ್ತರ ಬಂತು: “ಈಗ ಚಲೋ ಆಗ್ಯಾದ. ಇನ್ನೊಂದು ಮಾತು. ನಿಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ನಮ್ಮ ಮಿಕ್ಸಿ ಜಾರು ರಿಪೇರಿಗಿ ಕೊಟ್ಟೀನಿ. ನೀವು ಅಲ್ಲೇ ಇರ್ತೀರಿ, ಜರಾ ನೋಡಿ ಬರ್ರಿ.” ಕಲಬುರಗಿಯಲ್ಲಿ ಮನೆ ಮಾಡಿದವನು ಸುತ್ತಲಿನ ಊರವರ ಕೆಲಸಕ್ಕೇ ಇದ್ದಾನೆ ಎಂಬುದು ನಮ್ಮ ಕಡೆಯ ಪದ್ಧತಿ. ನೆಂಟರಿಗಿದ್ದ ಈ ಹಕ್ಕು ಓದುಗರಿಗೂ ಇದೆಯೆಂದು ಆಗ ತಿಳಿಯಿತು. “ಅವ್ರು ನಿಮ್ಮ ಓದುಗರೇನು, ನೀವ ಅವ್ರ ಹಮಾಲರೇನು?” ಎಂದಳು ಸುಧಾ. ಇರುವ ಒಬ್ಬ ಓದುಗನನ್ನು ಒಂದು ಜಾರಿಗಾಗಿ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ನಾನು ಹೋದಾಗಲೆಲ್ಲ ರಿಪೇರಿಯವನು ನಾಳೆ ಬಾ ಎಂಬ ಒಂದೇ ಮಾತು ಹೇಳುತ್ತಿದ್ದ: “ಕಲ್ ಆವೋ ಸಾಬ್, ಬ್ಲೇಡ್ ಹೈದರಾಬಾದ್‌ಲಿಂದ ಬರಬೇಕ್ರಿ.” ಒಂದು ಶನಿವಾರ ಅವನ ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಜಾರು ಕೈಗೆ ಬರುವ ತನಕ ಏಳುವುದಿಲ್ಲವೆಂದು ಹಟ ಹಿಡಿದೆ. ಗಿರಾಕಿಗಳು ನನ್ನನ್ನೇ ಮಾಲೀಕನೆಂದು ತಿಳಿದು ಕೆಟ್ಟ ಇಸ್ತ್ರಿಪೆಟ್ಟಿಗೆ ತೋರಿಸತೊಡಗಿದರು. ನಾನು ಗಂಭೀರವಾಗಿ “ಕಲ್ ಆವೋ” ಎನ್ನತೊಡಗಿದಾಗ ಅವನು ಬೇಸತ್ತು, ಮೇಜಿನ ಕೆಳಗಿನ ಡಬ್ಬಿಯಿಂದಲೇ ಬ್ಲೇಡ್ ತೆಗೆದು ಹಾಕಿಕೊಟ್ಟ.

ಮರುದಿನ ಜಾರನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಜಾರಿನೊಳಗೆ ನನ್ನ ಹೊಸ ಪ್ರಬಂಧವನ್ನು ಸುರುಳಿ ಸುತ್ತಿ ಇಟ್ಟಿದ್ದೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬ ಚಿಂತೆ ಒಂದು ವಾರದಿಂದ ಕಾಡುತ್ತಿತ್ತು; ಅವರ ಬಾಯಿಂದಲೇ ಕೇಳಿ ಬರಬೇಕಿತ್ತು. ರುಕ್ಮೊದ್ದೀನ್ ಅಂಗಡಿ ಮುಚ್ಚಿ ಮನೆಗೆ ಕರೆದೊಯ್ದರು. ಊಟ, ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು, ಒಂದು ಮುಗಿದರೆ ಇನ್ನೊಂದು. ಪ್ರಬಂಧ ಓದಿ ತಲೆಯೆತ್ತಿ ಅಂದರು: “ಭಾಳ ಚಲೋ ಅದರೀ ಸರ್.” ಥೇಟ್ ನಮ್ಮ ಓಣಿಯವರ ಧ್ವನಿ. ನಾನು ಕೈಯಲ್ಲಿದ್ದ ಹಣ್ಣು ಕೆಳಗಿಟ್ಟೆ.

“ಎಲ್ಲೂ ಬ್ಯಾಸರ ಬರಲಿಲ್ಲೇನ್ರಿ?”

“ಛೇ, ಎಲ್ಲಾನೂ ಚಲೋ ಅದ. ಹಣ್ಣು ತೊಗೊಳ್ರಿ.”

ನಾನು ಬಿಡಲಿಲ್ಲ. ಕೊನೆಗೆ ಅವರು ತಲೆ ತಗ್ಗಿಸಿದರು. “ಮನಿಗಿ ಬಂದು ಉಂಡೀರಿ. ಎದುರಿಗಿ ಕುಂತು ಹ್ಯಾಂಗ ಹೇಳ್ಲಿರಿ ಸರ್? ನೀವು ಊರು ಮುಟ್ರಿ, ಮೇಲ್ ಮಾಡ್ತೀನಿ.” ಮರಳುವ ಬಸ್ಸಿನಲ್ಲಿ ನನಗೆ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಬಂತು.

ನಾನು ಮನೆ ಮುಟ್ಟುವ ಮೊದಲೇ ಮೇಲ್ ಮುಟ್ಟಿತ್ತು. “ಸರ್, ಕೊನೀ ಪ್ಯಾರಾ ಬ್ಯಾಡ. ಅಲ್ಲಿ ನಗಸೂದು ಬಿಟ್ಟು ಉಪದೇಶ ಮಾಡಾಕತ್ತೀರಿ. ಮತ್ತ, ಜಾರಿನ ಮುಚ್ಚಳ ಬಂದಿಲ್ಲ. ಮನ್ಯಾಗ ತಾಟು ಮುಚ್ಚಿ ಚಟ್ನಿ ತಿರುವಿದ್ರು, ಗ್ವಾಡಿ ಕೆಂಪಗಾಗ್ಯಾದ.”

ಆ ಕೊನೆಯ ಪ್ಯಾರಾವನ್ನು ಅಂದೇ ಕಿತ್ತುಹಾಕಿದೆ. ಲೇಖಕ ಮತ್ತು ಓದುಗರ ಸಂಬಂಧ ಎಷ್ಟು ಪವಿತ್ರವಾದದ್ದು ಎಂದು ಈಗ ನೀವು ಓದುತ್ತಿರುವ ಈ ಬರಹಕ್ಕೂ ಒಂದು ಘನವಾದ ಕೊನೆಯ ಪ್ಯಾರಾ ಬರೆದಿದ್ದೆ. ಇದನ್ನೂ ಅವರು ಓದುತ್ತಾರಲ್ಲ, ಹೆದರಿ ತೆಗೆದಿದ್ದೇನೆ. ಸದ್ಯ ಮತ್ತೆ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ. ಮುಚ್ಚಳ ಹೈದರಾಬಾದಿನಿಂದ ಬರಬೇಕಂತೆ.